ಏಳು ನಿಮಿಷದ ಮೆಟ್ಟಿಲು

"ಈ ವಿಶ್ವವಿದ್ಯಾಲಯದ ಮುನ್ನೂರು ವರ್ಷದ ಇತಿಹಾಸದಲ್ಲಿ ಒಂಬತ್ತರ ಗಂಟೆ ಒಂದೇ ಒಂದು ದಿನವೂ ಸರಿಯಾಗಿ ಒಂಬತ್ತಕ್ಕೆ ಹೊಡೆದಿಲ್ಲ," ಎಂದು ಇತಿಹಾಸ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ಗೋಪುರದ ಕೆಳಗೆ ನಿಂತು ಹೊಸಬರಿಗೆ ಹೇಳುತ್ತಿದ್ದ. ಕೆಮ್ಮಿದರೂ ಹೊರಗೆ ಕಳಿಸುವ ಗ್ರಂಥಾಲಯ, ಪ್ರೊಫೆಸರುಗಳು ಮಾತ್ರ ತುಳಿಯಬಹುದಾದ ಹುಲ್ಲುಹಾಸು, ಹಾಸ್ಟೆಲಿನ ಓರೆ ಬಾಗಿಲು, ಎಲ್ಲ ತೋರಿಸಿಯಾಗಿತ್ತು. ಇದನ್ನು ಕೊನೆಗೆಂದು ಉಳಿಸಿಕೊಂಡಿದ್ದ. "ಯಾವತ್ತೂ ಏಳು ನಿಮಿಷ ತಡ. ಯಾಕೆ ಅಂದ್ರೆ..."

ಢಣ್ ಎಂದಿತು ಗಂಟೆ. ಇನ್ನೂರು ಜನ ಗಡಿಯಾರ ನೋಡಿಕೊಂಡರು. ಸರಿಯಾಗಿ ಒಂಬತ್ತು. ಹೇಳುತ್ತಿದ್ದವನು ಇಂಗು ತಿಂದ ಮಂಗನಂತೆ ಮೇಲೆ ನೋಡಿದ. ಗೋಪುರದ ತುದಿಯಲ್ಲಿ ಹೊಸ ಗಂಟೆಯವಳು ಎಣಿಸಿ ಒಂಬತ್ತು ಸಲ ಹಗ್ಗ ಎಳೆದು, ಅಂಗೈ ಒರೆಸಿಕೊಂಡು, ಮೊದಲ ದಿನದ ಕೆಲಸ ಅಚ್ಚುಕಟ್ಟಾಯಿತೆಂದು ಖುಷಿಪಟ್ಟಳು. ತಪ್ಪಬಾರದೆಂದು ಅರ್ಧ ಗಂಟೆ ಮೊದಲೇ ಹತ್ತಿ ಕಾದಿದ್ದಳು. ಅದುವರೆಗೆ ಆ ಕೆಲಸದಲ್ಲಿದ್ದ ಸೋದರಮಾವ ರಜೆಯಲ್ಲಿ ನಿವೃತ್ತನಾಗಿ ಬೀಗದ ಕೈ ಕೊಟ್ಟಾಗ ಹೇಳಿದ್ದು ಎರಡೇ ಮಾತು: "ಒಂಬತ್ತಕ್ಕೆ. ಮರೀಬೇಡ."

ಹತ್ತು ಗಂಟೆಗೆ ಕುಲಸಚಿವರಿಂದ ಕರೆ ಬಂತು. ಅವಳ ಕೆಲಸ ಕಾಯಂ ಮಾಡುವ ಆದೇಶ ಅವರ ಮೇಜಿನ ಮೇಲೇ ಇತ್ತು. ಸಹಿ ಮಾತ್ರ ಇರಲಿಲ್ಲ.

"ಏನಮ್ಮ, ಗಡಿಯಾರ ನೋಡೋಕೆ ಬರುತ್ತಾ ನಿನಗೆ?"

"ಬರುತ್ತೆ ಸಾರ್. ಅದಕ್ಕೇ ಸರಿಯಾಗಿ ಒಂಬತ್ತಕ್ಕೆ ಹೊಡೆದೆ."

"ಅದೇ ತಪ್ಪು. ಗಣಿತದ ಪ್ರೊಫೆಸರು ಗೊತ್ತಲ್ಲ? ಗಂಟೆ ನಿಂತ ಮೇಲೆ ಅವರ ತರಗತಿಗೆ ಯಾರೂ ಬರೋ ಹಾಗಿಲ್ಲ. ಇಪ್ಪತ್ತು ವರ್ಷದ ನಿಯಮ. ಇವತ್ತು ಗಂಟೆ ನಿಂತಾಗ ಅವರೇ ಕ್ಯಾಂಟೀನಲ್ಲಿದ್ರು. ಈಗ ತಮಗೆ ತಾವೇ ಗೈರುಹಾಜರಿ ಹಾಕ್ಕೊಂಡು ಮನೆಗೆ ಹೋಗಿದ್ದಾರೆ."

ಅವಳಿಗೆ ನಗು ಬಂತು. ಆದೇಶದ ಕಡೆ ನೋಡಿ ನುಂಗಿಕೊಂಡಳು.

"ಸ್ಥಾಪಕರ ಕಾಲದಲ್ಲಿ ಹುಡುಗರು ದೋಣಿ ಮೇಲೆ ಬರ್ತಿದ್ರಂತೆ," ಎಂದರು ಕುಲಸಚಿವರು. "ಮೊದಲ ದಿನ ದೋಣಿ ಇನ್ನೂ ನಡುನೀರಲ್ಲಿತ್ತು. ಸ್ಥಾಪಕರು ಗಂಟೆ ಹೊಡೆಯೋಕೆ ಎತ್ತಿದ ಕೈ ಹಾಗೇ ತಡೆದು ಏಳು ನಿಮಿಷ ಕಾದ್ರಂತೆ. ಅವತ್ತಿಂದ ಹೀಗೆ."

"ಈಗ ಹೊಳೆ ಎಲ್ಲಿದೆ ಸಾರ್?"

"ಹೊಳೆ ದಿಕ್ಕು ಬದಲಿಸಿ ನೂರು ವರ್ಷ ಆಯ್ತು. ನಾವು ಬದಲಿಸಿಲ್ಲ. ನಾಳೆ ಹೊಸಬರ ಎರಡನೇ ತಂಡ ಬರುತ್ತೆ. ಗಂಟೆ ಕೇಳಿಸಿಕೊಂಡೇ ನಾನು ಸಹಿ ಹಾಕೋದು."

ಸೋದರಮಾವ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ಗಂಟೆಯವಳು ಬಂದವಳೇ ಹರಿಹಾಯ್ದಳು. "ಏನ್ ಮಾವ, ಏಳು ನಿಮಿಷ ತಡ ಮಾಡ್ಬೇಕು ಅಂತ ಒಂದು ಮಾತು ಹೇಳ್ಬಾರದಾ?"

"ತಡಾನಾ?" ಅವನಿಗೆ ರೇಗಿತು. "ಮೂವತ್ತೆಂಟು ವರ್ಷದಲ್ಲಿ ಒಂದು ದಿನ ತಡ ಮಾಡಿದವನಲ್ಲ ನಾನು. ಗಡಿಯಾರದಲ್ಲಿ ಒಂಬತ್ತಾಯ್ತು ಅಂದ್ರೆ ಮೊದಲನೇ ಮೆಟ್ಟಿಲ ಮೇಲೆ ಕಾಲಿಡ್ತಿದ್ದೆ. ನೂರ ನಲವತ್ತೆರಡು ಮೆಟ್ಟಿಲು. ಈ ಮಂಡೀಲಿ ಹತ್ತಿ ನೋಡು, ಏಳು ನಿಮಿಷ ಬೇಕು."

"ಸರಿ, ಪ್ರಾಯದಲ್ಲಿ? ಆಗ ಮಂಡಿ ಚೆನ್ನಾಗಿತ್ತಲ್ಲ?"

"ಆಗ ಮಧ್ಯೆ ಕಿಟಕಿ ಹತ್ರ ಕೂತು ಒಂದು ಸಿಗರೇಟು ಸೇದ್ತಿದ್ದೆ. ಡಾಕ್ಟ್ರು ಸಿಗರೇಟು ಬಿಡಿಸಿದ್ರು, ಅದೇ ವರ್ಷ ಮಂಡಿ ಕೈಕೊಡ್ತು. ಸರಿಹೋಯ್ತು."

"ಹಾಗಾದ್ರೆ ಸ್ಥಾಪಕರು, ದೋಣಿ?"

"ಆ ಕತೆ ಕಿಟಕೀಲಿ ವರ್ಷಾ ವರ್ಷ ಕೇಳಿಸ್ತಿತ್ತು. ಚೆನ್ನಾಗಿ ಹೇಳ್ತಾರೆ ಹುಡುಗ್ರು." ಎಣ್ಣೆ ಬಟ್ಟಲು ಕೆಳಗಿಟ್ಟ. "ನಿನ್ನ ಕಾಲಿಗೆ ಇಷ್ಟು ಅವಸರ ಅಂತ ನನಗೇನು ಗೊತ್ತು? ಒಂಬತ್ತಕ್ಕೆ ಹತ್ತೋಕೆ ಶುರು ಮಾಡು, ಅಷ್ಟೆ. ನನಗೆ ಹಿಂದಿನವನು ಹೇಳಿದ್ದೂ ಅಷ್ಟೆ."

ಮರುದಿನ ಒಂಬತ್ತಕ್ಕೆ ಸರಿಯಾಗಿ ಅವಳು ಮೊದಲ ಮೆಟ್ಟಿಲು ತುಳಿದಳು. ಎಷ್ಟು ನಿಧಾನ ಮಾಡಿದರೂ ಎರಡೇ ನಿಮಿಷಕ್ಕೆ ಕಿಟಕಿ ಬಂತು. ಮುಂದೆ ಹೋಗಲು ಕಾಲೆತ್ತಿದವಳು ಅಲ್ಲೇ ನಿಂತಳು. ಕಿಟಕಿಯ ಪಕ್ಕದ ಮೆಟ್ಟಿಲಿನ ಅಂಚಿನಲ್ಲಿ ಬೋಗುಣಿಯಂಥ ತಗ್ಗಿತ್ತು, ಕನ್ನಡಿಯಂತೆ ನುಣುಪಾಗಿ. ಒಬ್ಬ ಮನುಷ್ಯ ಮೂವತ್ತೆಂಟು ವರ್ಷ ಕೂತರೆ ಕಲ್ಲು ಅಷ್ಟು ಸವೆಯುವುದಿಲ್ಲ.

ಅವಳೂ ಕೂತಳು. ಅಳತೆ ತೆಗೆದು ಕಡೆದಂತಿತ್ತು. ತಿಂಡಿಯ ಡಬ್ಬಿ ತೆರೆದಳು. ಕೆಳಗೆ ಅಂಗಳದಲ್ಲಿ ಹೊಸಬರ ಗುಂಪು, ಗುಂಪಿನ ಹಿಂದೆ ಕುಲಸಚಿವರು. ಕಂಕುಳಲ್ಲಿ ಫೈಲು, ಕಣ್ಣು ಕೈಗಡಿಯಾರದ ಮೇಲೆ. ಒಂಬತ್ತು ಐದು. ಇತಿಹಾಸದ ವಿದ್ಯಾರ್ಥಿ ದೋಣಿಯನ್ನು ದಡಕ್ಕೆ ತಂದು, ಸ್ಥಾಪಕರ ಕೈ ಇಳಿಸಿ, ಈಗ ದನಿ ತಗ್ಗಿಸಿದ್ದ. ಗೋಪುರದ ಕಲ್ಲಿಗೆ ಬಡಿದು ಅವನ ಒಂದೊಂದು ಮಾತೂ ಮೇಲಕ್ಕೆ ಬರುತ್ತಿತ್ತು.

"ಈ ಮುನ್ನೂರು ವರ್ಷದಲ್ಲಿ ಒಂದೇ ಒಂದು ಸಲ ಈ ಗಂಟೆ ಸರಿಯಾಗಿ ಒಂಬತ್ತಕ್ಕೆ ಹೊಡೆದದ್ದುಂಟು. ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ಹೊಸಬರು ಗೌರವದಿಂದ ತಲೆಯೆತ್ತಿ ಗೋಪುರ ನೋಡಿದರು. ಗಂಟೆಯವಳು ಡಬ್ಬಿ ಮುಚ್ಚಿ, ಮಡಿಲಿನ ಚೂರುಗಳನ್ನು ಕೊಡವಿ, ಉಳಿದ ಮೆಟ್ಟಿಲು ಹತ್ತತೊಡಗಿದಳು.