ಪುದೀನದ ಪರದೆ

ಕಂಡೇಬಿಟ್ಟಳು ಸರ್ದಾರಬಿ! ಸೊಸೆ ಅಕ್ಬರಿ ಪುದೀನದ ಎಲೆಗಳನ್ನು ಸರಿಸಿ, ಎದುರಿನ ದರ್ಗಾದ ಎತ್ತರದ ಮೆಟ್ಟಿಲುಗಳ ಕಡೆ ತಲೆಯಾಡಿಸಿದಳು. ಅಲ್ಲಿ ಯಾರೆಂದು ನೋಡೋಣವೆಂದರೆ ಹಾಳು ಕಾಲುಗಳು ಬಿದ್ದುಹೋಗಿವೆ, ಬಾಲ್ಕನಿಯ ಮಂಚವೇ ಗತಿ. ಕಣ್ಣಿಗೂ ಪೊರೆ, ಬೀದಿಯಾಚೆ ಎಲ್ಲ ಮಸುಕು.

ಆ ಪರದೆ ಸೊಸೆಯದೇ ಕರಾಮತ್ತು. ಕಲ್ಯಾಣ ಪಟ್ಟಣದಲ್ಲಿ ಲಡಾಯಿ ಕಾಲದ ತಾಪತ್ರಯ. ಬಾಲ್ಕನಿಗೆ ಮರೆಯಾಗಿದ್ದ ಬಿದಿರಿನ ತಟ್ಟಿ ಕೊಳೆತು ಉದುರಿದರೆ ಹೊಸದು ಸಿಗಲಿಲ್ಲ. ಬೀದಿಯ ಕಣ್ಣು ಒಳಗೆ ಬೀಳುತ್ತದೆಂದು ಸರ್ದಾರಬಿ ಕೂಗಾಡಿದಳು. ಅಕ್ಬರಿ ತೊಲೆಯಿಂದ ಹಗ್ಗ ಇಳಿಬಿಟ್ಟು, ಬಾಯಿ ಒಡೆದ ಗಡಿಗೆಗಳನ್ನು ಒಂದರ ಕೆಳಗೊಂದು ಕಟ್ಟಿ, ಪುದೀನ, ಮೆಂತ್ಯ ಬೆಳೆಸಿದಳು. ಹಸಿರು ಗೋಡೆಯೇ ಎದ್ದಿತು. ಓಣಿಯವರು ಶಹಬ್ಬಾಸ್ ಎಂದರು.

ಒಂದು ಕಡೆ ಮಾತ್ರ ಸಂದು. ಅಲ್ಲಿ ಎಲೆ ಚಿಗುರಿದರೆ ಅಕ್ಬರಿ ಚಿವುಟಿಬಿಡುತ್ತಿದ್ದಳು. ಅದೂ ತಗ್ಗಿನಲ್ಲಿ, ಮಂಚದ ಮಟ್ಟಕ್ಕೆ. ಇಣುಕಲು ಕುಕ್ಕರಗಾಲಲ್ಲಿ ಕೂರಬೇಕು. ಕಳ್ಳಿ! ನಿಂತರೆ ಸಿಕ್ಕಿಬೀಳುತ್ತೇನೆಂದು ತಾನೆ?

ಗುರುವಾರ, ದರ್ಗಾಕ್ಕೆ ಜನ ಬರುವ ಹೊತ್ತಿಗೆ, ಇನ್ನೊಂದು ನಾಟಕ. ಅತ್ತೆಯ ತಲೆ ಬಾಚಿ, ಮುಖ ಒರೆಸಿ, ಒಗೆದ ಓಢಣಿ ಹೊದಿಸುವಳು. ಸೀಮೆಎಣ್ಣೆ ಸಿಗದ ದಿನಗಳಲ್ಲಿ ಬೆಳಕಿರುವಾಗಲೇ ದಿಂಬಿನ ಬಳಿ ಕಂದೀಲು! ಮುದುಕಿಯನ್ನು ಒಲಿಸಿಕೊಂಡು ಯಾವನಿಗೋ ಸನ್ನೆ.

ಸರ್ದಾರಬಿಗೆ ಮಾನವೇ ಎಲ್ಲ. ಮಗಳು ಕರೀಮಾ ಮಾತು ಮೀರಿ ನೇಕಾರನೊಬ್ಬನನ್ನು ನಿಕಾಹ್ ಆದಾಗ, "ನಾ ಸತ್ತರೂ ಆಕಿಗೆ ನನ್ನ ಮಾರಿ ತೋರಸಬ್ಯಾಡ್ರಿ" ಎಂದು ಮನೆಯವರಿಂದ ಆಣೆ ಮಾಡಿಸಿದ್ದಳು. ಆ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ. ಈಗ ಸೊಸೆಯ ಸರದಿ.

ಮಗ ಪೀರ್ ಪಾಷಾ ಹೆಂಡತಿಯನ್ನು ಎದುರು ನಿಲ್ಲಿಸಿದ. "ಯಾರನ್ನ ನೋಡಾಕತ್ತಿದ್ದಿ?"

"ನಾ ನೋಡಾಕ ಬಿಟ್ಟ ಸಂದು ಅಲ್ರಿ ಅದು." ಅಕ್ಬರಿ ಅತ್ತೆಯ ಮುಖ ನೋಡಿ ತಲೆ ತಗ್ಗಿಸಿದಳು. "ಹೆಚ್ಚಿಗಿ ಕೇಳಬ್ಯಾಡ್ರಿ. ಮಾತು ಕೊಟ್ಟೀನಿ."

"ಕೇಳಿದಿ? ಮಾತು ಕೊಟ್ಟಾಳಂತ!" ಸರ್ದಾರಬಿ ಹಣೆ ಬಡಿದುಕೊಂಡಳು.

ಮರುದಿನವೇ ಹುಮನಾಬಾದಿನ ತವರಿಗೆ ಗಾಡಿ ಹೂಡಿದರು. ಹೊರಡುವ ಮುನ್ನ ಅಕ್ಬರಿ ಗಡಿಗೆಗಳಿಗೆಲ್ಲ ನೀರುಣಿಸಿದಳು. "ಆ ಸಂದೊಂದು ಮುಚ್ಚಬ್ಯಾಡ್ರಿ, ಅಮ್ಮೀ" ಎಂದಳು. ಎಂಥ ನಾಚಿಕೆಗೇಡಿ! ಗಾಡಿ ಓಣಿ ದಾಟುವ ಮೊದಲೇ ಸರ್ದಾರಬಿ ಕೆಲಸದ ತುಳಜಾಬಾಯಿಯನ್ನು ಕೂಗಿ, ಎಲೆ ತುಂಬಿದ ಗಡಿಗೆಯೊಂದನ್ನು ಅಲ್ಲಿಗೆ ಕಟ್ಟಿಸಿದಳು. ಎದೆ ತಣ್ಣಗಾಯಿತು.

ಗುರುವಾರ ಬಂತು. ದರ್ಗಾದ ಕಡೆಯಿಂದ ಮೇಲೆ ಬಂದ ತುಳಜಾಬಾಯಿಯನ್ನು ಸರ್ದಾರಬಿ ಹಿಡಿದು ಕೇಳಿದಳು.

"ಮೆಟ್ಟಲ ಮ್ಯಾಲ ಯಾವನರ ಕುಂತು ಈ ಕಡೆ ನೋಡಾಕತ್ತಿದ್ನೇನ?"

"ಗಂಡಸರು ಯಾರೂ ಇಲ್ರಿ ಅಮ್ಮಾರ. ಬುರ್ಖಾದಾಕಿ ಒಬ್ಬಾಕಿ, ಕೂಸು ಎತ್ಕೊಂಡು ನಮ್ಮ ಮಾಳಿಗಿನ ನೋಡಕೋತ ನಿಂತಿದ್ಳು. ಭಾಳ ಅಳಾಕತ್ತಿದ್ಳ್ರಿ ಪಾಪ. 'ನಮ್ಮ ಅಮ್ಮೀನ ಮಾರಿ ಇವತ್ತ ಕಾಣವಲ್ದು, ಮಗಾ' ಅಂತ."