ಸಿಹಿ ಮಜ್ಜಿಗೆ

ಹುಣಸೂರಿನ ಡಾಕ್ಟರು ಗೌರಿಯ ಕೆಳತುಟಿ ಎಳೆದು ನೋಡಿದರು. ಆರು ವರ್ಷದ ಮಗುವಿನ ಒಸಡಿನ ಅಂಚಿನಲ್ಲಿ ಕಾಡಿಗೆ ತೀಡಿದ ಹಾಗೆ ಸಣ್ಣ ನೀಲಿ ಗೆರೆ.

"ಮಗುವಿನ ಹೊಟ್ಟೆಗೆ ಎಲ್ಲಿಂದಲೋ ಸೀಸ ಹೋಗ್ತಿದೆ. ಏನು ಕೊಡ್ತಿದ್ದೀರಿ?"

ಅಜ್ಜಿ ಪುಟ್ಟಮಲ್ಲಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಬಿಳಿಕೆರೆಯ ಮೊಮ್ಮಗಳು ಬೆಟ್ಟದಪುರದ ತನ್ನ ಮನೆಗೆ ಬಂದಾಗಲೆಲ್ಲ ಹೊಟ್ಟೆನೋವು. ವಾಪಸು ಹೋದರೆ ವಾಸಿ. ದೃಷ್ಟಿ ಎಂದು ನಿವಾಳಿಸಿಯೂ ಆಗಿತ್ತು. ಈ ಸಲ ಹುಡುಗಿ ನೆಲಕ್ಕೆ ಬಿದ್ದು ಹೊರಳಾಡಿದಾಗ, ಮಗಳು ನೀಲಾಂಬಿಕೆಯನ್ನು ಕರೆಸಿಕೊಂಡು ಬಸ್ಸು ಹತ್ತಿದ್ದಳು.

"ಏನೂ ಕೊಟ್ಟಿಲ್ಲ ಸ್ವಾಮಿ. ದಿನಾ ಉಣ್ಣೋವಾಗ ಮಜ್ಜಿಗೆ, ಒಟ್ಟೆ ನೋವು ಅಂದಾಗೆಲ್ಲ ಮ್ಯಾಲೊಂದು ಲೋಟ ಕುಡಿಸ್ತಿದ್ದೆ, ತಣ್ಣಗಾಗ್ಲಿ ಅಂತ. ನೋವು ಜಾಸ್ತಿ ಆದ್ರೆ ಇನ್ನೊಂದು ಲೋಟ."

"ಮಜ್ಜಿಗೆ ಯಾವುದ್ರಲ್ಲಿ ಇಡ್ತೀರಿ?"

"ಇತ್ತಾಳೆ ತಪ್ಲೇಲಿ. ಕಲಾಯಿ ಆಕ್ಸಿದ್ದೇ..." ಎನ್ನುತ್ತಿದ್ದವಳ ಮಾತು ಅಲ್ಲಿಗೇ ನಿಂತಿತು.

ಹೋದ ವರ್ಷ ಕಲಾಯಿಯವನು ಪಾತ್ರೆಗೆ ಬಳಿಯುವ ತವರ ಸಾಲದು ಎಂದು ಕೈಚೆಲ್ಲಿದ್ದ. ಗದ್ದೆಗೆ ನುಗ್ಗುವ ಹಂದಿಗೆಂದು ಗಂಡ ಶಿವನಂಜಪ್ಪ ಕೋವಿಗುಂಡು ಎರೆಯಲು ಇಟ್ಟಿದ್ದ ಸೀಸದ ಗಟ್ಟಿ ಅಟ್ಟದಲ್ಲಿತ್ತು. ತವರವೂ ಬೆಳ್ಳಗೆ ಹೊಳೆಯುತ್ತೆ, ಇದೂ ಬೆಳ್ಳಗೆ ಹೊಳೆಯುತ್ತೆ. ಇದನ್ನೇ ಬಳಿಯಪ್ಪಾ ಎಂದು ತಾನೇ ತಂದುಕೊಟ್ಟಿದ್ದಳು. ಆಮೇಲೆ ಅವಳ ಮಜ್ಜಿಗೆಗೆ ಎಲ್ಲಿಲ್ಲದ ರುಚಿ ಬಂತು. ಎರಡು ದಿನ ಇಟ್ಟರೂ ಹುಳಿಯ ಬದಲು ಸಿಹಿ. ಬೀದಿಗೆ ಬೀದಿಯೇ ಲೋಟ ಹಿಡಿದು ಬಂದು, ಪುಟ್ಟಮಲ್ಲಮ್ಮನ ಕೈಗುಣವೇ ಕೈಗುಣ ಎಂದಿತು. ಅಯ್ಯೋ, ಅದೇನು ಮಹಾ ಎನ್ನುತ್ತಲೇ ಒಳಗೊಳಗೆ ಉಬ್ಬಿದ್ದಳು, ಪಾಪ.

"ಹುಳಿ ತಾಗಿದ್ರೆ ಸೀಸ ಬಿಟ್ಕೊಳ್ಳುತ್ತೆ. ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ಆ ಪಾತ್ರೆ ಇನ್ನು ಮುಟ್ಟಬೇಡಿ," ಎಂದರು ಎಲ್ಲ ಕೇಳಿಸಿಕೊಂಡ ಡಾಕ್ಟರು.

"ನಾನೂ ಕುಡಿದಿವ್ನಲ್ಲಾ ಸ್ವಾಮಿ! ನಂಗೇನೂ ಆಗಿಲ್ವಲ್ಲಾ?"

"ಎಳೆ ಮಕ್ಕಳಿಗೆ ಬೇಗ ತಗಲುತ್ತಮ್ಮಾ."

ಬಸ್ಸಿನಲ್ಲಿ ನೀಲಾಂಬಿಕೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಕೊನೆಗೆ, "ಅವ್ವಾ, ಇನ್ಮೇಲೆ ನಿನ್ ಮನೇಗೆ ಮಗೀನ ಎಂಗವ್ವಾ ಕಳಿಸ್ಲಿ?" ಎಂದಳು.

"ಆಲು ನಂದೇ, ಎಪ್ಪು ನಂದೇ, ಕಡೆದ ಕೈ ನಂದೇ. ವಿಷ ಇಕ್ಕಿದ ಕೈಯೂ ನಂದೇ ಆಗೋಯ್ತಲ್ಲ ಕಣೆ ನೀಲಾ!" ಎಂದು ಪುಟ್ಟಮಲ್ಲಮ್ಮ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು.

ಮನೆಗೆ ಬಂದವಳೇ ತಪ್ಪಲೆಯನ್ನು ಹಿತ್ತಲಲ್ಲಿ ಬೋರಲು ಹಾಕಿದಳು. ಗೌರಿ ಚೇತರಿಸಿಕೊಂಡು ಎದ್ದು ಕೂತ ದಿನ, ಹೊಸ ಮಣ್ಣಿನ ಗಡಿಗೆಯಲ್ಲಿ ಮೊಸರು ಕಡೆದು, ಮಗಳ ಕಣ್ಣೆದುರೇ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ತಾಯಿ, ಮಗಳು ಇಬ್ಬರೂ ಮಗುವಿನ ಮುಖವನ್ನೇ ನೋಡುತ್ತಾ ಕೂತರು.

ಗೌರಿ ಒಂದು ಗುಟುಕು ಕುಡಿದು, ಮುಖ ಕಿವುಚಿ, ಲೋಟ ಆಚೆ ತಳ್ಳಿದಳು.

"ಥೂ, ಉಳಿ! ಇದ್ಯಾರು ಮಾಡಿದ್ದು? ನೀನು ಮಾಡಿದ್ದು ಕೊಡಜ್ಜಿ."