ಗೋಣಿಯಲ್ಲಿ ಬಂದ ಚಂದ್ರ

ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಹಲ್ಲು ತಾನಾಗಿಯೇ ಕಚ್ಚಿಕೊಳ್ಳುತ್ತದೆ.

ಎಂಬತ್ತೊಂಬತ್ತರಲ್ಲಿ, ವಾಯೇಜರ್ ನೌಕೆ ನೆಪ್ಚೂನಿನ ಹಿಮದ ಚಂದ್ರ ಟ್ರೈಟನ್ನಿನ ಚಿತ್ರ ಕಳಿಸಿದ ಕೆಲವೇ ವಾರಗಳಲ್ಲಿ, ಬಸವೇಶ್ವರನಗರದ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅಪ್ಪ ಕಾರ್ಖಾನೆಗೆ ರಜೆ ಹಾಕಿ, ಮಾಗಡಿ ರೋಡಿನಿಂದ ಐಸ್ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಸೈಕಲ್ಲಿನಲ್ಲಿ ತಂದರು. ಉಳಿಯಿಂದ ಕೆತ್ತಿ, ತೆಂಗಿನಕಾಯಿಯಷ್ಟು ಗುಂಡಗೆ ಮಾಡಿ ಬೋಗುಣಿಯಲ್ಲಿಟ್ಟರು. ಟ್ರೈಟನ್ ನಸುಗೆಂಪು ಎಂದು ಪೇಪರಿನಲ್ಲಿ ಓದಿದ್ದ ನಾನು ಮೇಲೆ ಚಿಟಿಕೆ ಕುಂಕುಮ ಉದುರಿಸಿದೆ.

ಹತ್ತು ಗಂಟೆಗೆ ಬರಬೇಕಿದ್ದ ಮುಖ್ಯ ಅತಿಥಿ ಎರಡೂವರೆಗೆ ಬಂದರು, ಊಟ ಮುಗಿಸಿ, ಎಲೆಯಡಿಕೆ ಮೆಲ್ಲುತ್ತ. ಶೀಟಿನ ಛಾವಣಿಯ ಕೆಳಗೆ ಅಷ್ಟು ಹೊತ್ತು ಕಾದ ಬೋಗುಣಿಯಲ್ಲಿ ಕೆಂಪು ನೀರಷ್ಟೇ ಉಳಿದಿತ್ತು.

ಸೈನ್ಸ್ ಮೇಡಂ ನಾನು 'ಟ್ರೈಟನ್' ಎಂದು ಬರೆದು ಮುಂದಿಟ್ಟಿದ್ದ ರಟ್ಟನ್ನು ತಿರುಗಿಸಿ, ಹಿಂಬದಿಯಲ್ಲಿ 'ಜಲಮಾಲಿನ್ಯ' ಎಂದು ಬರೆದರು.

"ಕೇಳಿದ್ರೆ ಹೀಗಂತ್ಲೇ ಹೇಳ್ಬೇಕು. ಚಂದ್ರ ಗಿಂದ್ರ ಅಂದ್ಯೋ, ನೋಡು!"

"ಮೇಡಂ, ಅವ್ರು ಲೇಟಾಗಿ ಬಂದಿದ್ದಕ್ಕೆ ತಾನೇ..."

"ಬಾಯ್ಮುಚ್ಚು."

ಅತಿಥಿ ಬಗ್ಗಿ ನೋಡಿದರು. "ಏನಮ್ಮಾ ಇದು?"

ರಟ್ಟಿನ ಮೇಲಿನ ಅಕ್ಷರ ನೋಡಿದೆ.

"ಜಲಮಾಲಿನ್ಯ ಸಾರ್," ಎಂದೆ.

"ಭೇಷ್!" ಎಂದು ತಲೆ ಸವರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ನನಗೇ ಬಂತು, ಒಂದು ಸ್ಟೀಲ್ ಲೋಟ.

ಒದ್ದೆ ಗೋಣಿ ಹಿಡಿದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಪ್ಪನತ್ತ ಆ ಲೋಟ ಚಾಚಿದೆ. ಅವರು ಕೈ ನೀಡಲಿಲ್ಲ.

"ಐಸ್ ಕರಗ್ತು, ಸರಿ," ಎಂದರು. "ನಿನ್ನ ಬಾಯಿಗೇನಾಗಿತ್ತೇ?"